ಮಣ್ಣು, ಉಪ್ಪು, ಜೊಂಡು: ಮಕ್ಕಳ ಕೈಗೆ ಸಿಕ್ಕ ಈಜಿಪ್ಟ್

ಚಳಿಗಾಲದ ಒಂದು ಮಧ್ಯಾಹ್ನ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಯೊಂದರ ತರಗತಿ. ಮೇಜುಗಳ ಮೇಲೆ ಹಳೆಯ ಪತ್ರಿಕೆ ಹಾಸಿದ್ದಾರೆ. ಒಂದು ಬೋಗುಣಿಯ ತುಂಬ ಉಪ್ಪು, ಇನ್ನೊಂದರಲ್ಲಿ ಅಡುಗೆ ಸೋಡಾ. ಎಂಟು ವರ್ಷದ ಹುಡುಗಿಯೊಬ್ಬಳು ಕಿತ್ತಳೆಯ ಮಗ್ಗುಲು ಸೀಳಿ ಚಮಚದಿಂದ ತೊಳೆಗಳನ್ನು ಎಳೆದೆಳೆದು ಹಾಕುತ್ತಿದ್ದಾಳೆ. ರಸ ಮೊಣಕೈವರೆಗೆ ಇಳಿದಿದೆ. ಪಕ್ಕದ ಹುಡುಗ ದಾಲ್ಚಿನ್ನಿ ಪುಡಿಯ ಡಬ್ಬಿ ಹಿಡಿದು ತನ್ನ ಸರದಿಗೆ ಕಾದಿದ್ದಾನೆ. ಹಿಂದಿನ ಸಾಲಿನಲ್ಲಿ ಜೇಡಿಮಣ್ಣಿನ ನರಿಯೊಂದರ ಕಿವಿ ಮತ್ತೆ ಮತ್ತೆ ಮುರಿದು ಬೀಳುತ್ತಿದೆ. ನಡೆಯುತ್ತಿರುವುದು ಇತಿಹಾಸದ ಪಾಠ. ವಿಷಯ ಪ್ರಾಚೀನ ಈಜಿಪ್ಟ್.

2014ರಿಂದ ಜಾರಿಯಲ್ಲಿರುವ ಇಂಗ್ಲೆಂಡಿನ ಪಠ್ಯಕ್ರಮದ ಪ್ರಕಾರ 7ರಿಂದ 11 ವರ್ಷದ ಮಕ್ಕಳು ಜಗತ್ತಿನ ಆದಿ ನಾಗರಿಕತೆಗಳಲ್ಲಿ ಒಂದನ್ನು ಆಳವಾಗಿ ಓದಬೇಕು. ಸುಮೇರ್, ಸಿಂಧೂ ಕಣಿವೆ, ಈಜಿಪ್ಟ್, ಚೀನಾದ ಶಾಂಗ್ ಎಂಬ ನಾಲ್ಕು ಆಯ್ಕೆಗಳಿವೆ. ಬಹಳಷ್ಟು ಶಾಲೆಗಳು ಕೈಯಿಡುವುದು ಈಜಿಪ್ಟಿನ ಮೇಲೆಯೇ. ಹಾಗಾಗಿ ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಯಾವುದೋ ಒಂದು ಭಾನುವಾರ ಶೂ ಪೆಟ್ಟಿಗೆ, ಚಿನ್ನದ ಬಣ್ಣ, ಬ್ಯಾಂಡೇಜ್ ಬಟ್ಟೆಗಾಗಿ ಹುಡುಕಾಟ ನಡೆಯುತ್ತದೆ. ಇತ್ತ ನಮ್ಮ ಊರುಗಳಲ್ಲೂ ರಜೆಯ ಶಿಬಿರಗಳಲ್ಲಿ, ಶಾಲೆಯ ವಸ್ತುಪ್ರದರ್ಶನಗಳಲ್ಲಿ ಥರ್ಮೋಕೋಲಿನ ಪಿರಮಿಡ್ ಕಾಣದ ವರ್ಷವಿಲ್ಲ.

ಕೈಗೆ ಕೆಲಸ ಕೊಟ್ಟ ಮಾತ್ರಕ್ಕೆ ಇತಿಹಾಸ ತಲೆಗೆ ಹತ್ತುವುದಿಲ್ಲ. ಚಿತ್ರಕ್ಕೆ ಬಣ್ಣ ತುಂಬಿದ ಮಗು ಬಣ್ಣ ತುಂಬುವುದನ್ನು ಕಲಿಯುತ್ತದೆ, ಅಷ್ಟೆ. ಮೂರು ಸಾವಿರ ವರ್ಷದ ಹಿಂದೆ ನೈಲ್ ದಂಡೆಯ ಕುಶಲಕರ್ಮಿಗೆ ಎದುರಾದ ತೊಡಕೇ ಮಗುವಿನ ಕೈಗೂ ಎದುರಾಗಬೇಕು. ಹಣ್ಣು ಕೊಳೆಯಬಾರದು, ಏನು ಮಾಡಲಿ? ಇಟ್ಟಿಗೆ ಬಿರಿಯುತ್ತಿದೆ, ಏನು ಬೆರೆಸಲಿ? ಕಲ್ಲು ಅಲುಗುತ್ತಿಲ್ಲ, ಹೇಗೆ ಎಳೆಯಲಿ? ಆಗ ಈಜಿಪ್ಟಿನವರು ಮಗುವಿನ ಕಣ್ಣಿಗೆ ವಿಚಿತ್ರ ಜನರಾಗಿ ಉಳಿಯುವುದಿಲ್ಲ, ಬುದ್ಧಿ ಓಡಿಸಿದ ಜನರಾಗುತ್ತಾರೆ. ಎಂಥ ಕೆಲಸ ಕೊಟ್ಟರೆ ಈ ಬದಲಾವಣೆ ಆಗುತ್ತದೆ, ಎಂಥದ್ದರಿಂದ ಆಗುವುದಿಲ್ಲ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಚಿನ್ನದ ಸೆಳೆತ

1922ರ ನವೆಂಬರ್ 4ರಂದು ಲಕ್ಸರ್ ಎದುರಿನ ರಾಜರ ಕಣಿವೆಯಲ್ಲಿ ಹೊವರ್ಡ್ ಕಾರ್ಟರ್ ಅವರ ಕೆಲಸಗಾರರಿಗೆ ಮರಳಿನಡಿ ಕಲ್ಲಿನ ಮೆಟ್ಟಿಲೊಂದು ಕಂಡಿತು. ಅದು ತುತಾಂಖಾಮನ್ ಎಂಬ ತರುಣ ದೊರೆಯ ಸಮಾಧಿಗೆ ಇಳಿಯುವ ದಾರಿ. ಒಳಗೆ ಸಿಕ್ಕ ವಸ್ತುಗಳು 5,000ಕ್ಕೂ ಹೆಚ್ಚು. ಅವುಗಳಲ್ಲಿ 10 ಕಿಲೋ ಮೀರಿ ತೂಗುವ ಚಿನ್ನದ ಮುಖವಾಡವೊಂದೇ ಜಗತ್ತಿನ ಕಣ್ಣಲ್ಲಿ ಉಳಿಯಿತು. 1972ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅದನ್ನು ಇಟ್ಟಾಗ ನೋಡಲು ಬಂದವರು 16 ಲಕ್ಷಕ್ಕೂ ಅಧಿಕ. ಈಗ 2025ರ ನವೆಂಬರಿನಲ್ಲಿ ಗಿಜಾ ಪಿರಮಿಡ್ಡುಗಳ ಬಳಿ ಉದ್ಘಾಟನೆಯಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಆ ಸಮಾಧಿಯ ಸಂಗ್ರಹವನ್ನು ಒಂದೇ ಕಡೆ ತೋರಿಸುತ್ತಿದೆ. ಅಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಸ್ತುಸಂಗ್ರಹಾಲಯವೂ ಇದೆ.

ಮಕ್ಕಳ ಕರಕುಶಲ ಕೆಲಸಗಳಲ್ಲಿ ಮೊದಲು ನೆನಪಾಗುವುದೂ ಈ ಮುಖವಾಡವೇ. ಅಚ್ಚು ಹಾಕಿದ ಹಾಳೆ, ನೀಲಿ ಮತ್ತು ಹಳದಿ ಪಟ್ಟೆ, ಮೇಲೊಂದು ಹಾವು. ಒಂದು ಗಂಟೆಯಲ್ಲಿ ಮುಗಿಯುತ್ತದೆ, ಗೋಡೆಗೆ ಅಂಟಿಸಿದರೆ ಚಂದ ಕಾಣುತ್ತದೆ. ಆದರೆ ಮಾಡಿ ಮುಗಿಸಿದ ಮಗುವಿಗೆ ಹೊಸದಾಗಿ ತಿಳಿದದ್ದೇನು? ಈಜಿಪ್ಟ್ ಎಂದರೆ ಚಿನ್ನ ಮತ್ತು ಸಾವು ಎಂಬ, ಸಿನಿಮಾದಿಂದ ಮೊದಲೇ ಬಂದಿದ್ದ ಎಣಿಕೆ ಇನ್ನಷ್ಟು ಗಟ್ಟಿಯಾಯಿತು.

ಅದೇ ತುತಾಂಖಾಮನನ ಹತ್ತಿರ ಹೋಗಲು ಬೇರೆ ಬಾಗಿಲುಗಳಿವೆ. ಅವನು ಪಟ್ಟಕ್ಕೆ ಬಂದದ್ದು ಎಂಟೊಂಬತ್ತು ವರ್ಷಕ್ಕೆ, ಅಂದರೆ ಮೇಜಿನ ಮುಂದೆ ಕುಳಿತು ಕೇಳುತ್ತಿರುವ ಮಗುವಿನ ವಯಸ್ಸಿಗೆ. ಅವನ ಸಮಾಧಿಯಲ್ಲಿ ಕರಿಮರದ ಪುಟ್ಟ ಕುರ್ಚಿಯೊಂದು ಸಿಕ್ಕಿದೆ. ಚಿಕ್ಕ ಮಗು ಕೂರುವಷ್ಟೇ ದೊಡ್ಡದು. ಸಮಾಧಿ ಸಿಗುವುದಕ್ಕೆ ಹದಿನೈದು ವರ್ಷ ಮೊದಲೇ, 1907ರಲ್ಲಿ, ಅದೇ ಕಣಿವೆಯ ಗುಂಡಿಯೊಂದರಲ್ಲಿ ಅವನ ಅಂತ್ಯಕ್ರಿಯೆಗೆ ಬಳಸಿದ ವಸ್ತುಗಳು ದೊರೆತಿದ್ದವು. ಅವುಗಳಲ್ಲಿ ಹೂವಿನ ಅಗಲ ಕಂಠಹಾರಗಳಿದ್ದವು: ಆಲಿವ್ ಎಲೆ, ನೀಲಿ ಕಾರ್ನ್‌ಫ್ಲವರ್, ನೈದಿಲೆಯ ದಳಗಳನ್ನು ಪಪೈರಸ್ ಹಾಳೆಯ ಮೇಲೆ ಸಾಲುಸಾಲಾಗಿ ಹೊಲಿದದ್ದು. ಅವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಕಾಗದದ ತಟ್ಟೆ ಕತ್ತರಿಸಿ ಮಿನುಗು ಅಂಟಿಸಿದ ಕಂಠಹಾರದ ಬದಲು ಮಕ್ಕಳ ಕೈಗೆ ನಿಜವಾದ ಎಲೆ, ನಿಜವಾದ ಹೂ, ಸೂಜಿದಾರ ಕೊಟ್ಟರೆ ಸಾಕು. ಸಂಜೆಗೆ ದಳ ಬಾಡುತ್ತದೆ. ಬಾಡುವ ಹೂವನ್ನು ದೊರೆಯ ಅಂತ್ಯಕ್ರಿಯೆಗೆ ಯಾಕೆ ಹೊಲಿದರು ಎಂದು ಮಗು ತಾನಾಗಿ ಕೇಳುತ್ತದೆ.

ಹಗ್ಗದ ಮೇಲೆ ಐದು ಸಾವಿರ ವರ್ಷ

ಪುಟ್ಟ ಮಕ್ಕಳಿಗೆ ‘ಹಿಂದಿನ ಕಾಲ’ ಎಂಬುದೆಲ್ಲ ಒಂದೇ ಮುದ್ದೆ. ಡೈನೋಸಾರ್, ರಾಮಾಯಣ, ಅಜ್ಜಿಯ ಬಾಲ್ಯ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಇದನ್ನು ಬಿಡಿಸಲು ಹಗ್ಗ ಮತ್ತು ಬಟ್ಟೆಯ ಕ್ಲಿಪ್ಪುಗಳಷ್ಟೇ ಸಾಕು. ಸಾವಿರ ವರ್ಷಕ್ಕೆ ಒಂದು ಮೀಟರ್ ಎಂದಿಟ್ಟುಕೊಂಡು ಆರು ಮೀಟರ್ ಹಗ್ಗವನ್ನು ಗೋಡೆಯುದ್ದಕ್ಕೂ ಕಟ್ಟಬೇಕು.

ಗಿಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಖುಫು ಕ್ರಿ.ಪೂ. 2560ರ ಸುಮಾರಿನವನು. ಅವನ ಕ್ಲಿಪ್ಪಿನಿಂದ ತುತಾಂಖಾಮನ್ ಕ್ಲಿಪ್ಪಿಗೆ ಒಂದೂಕಾಲು ಮೀಟರ್. ಕ್ಲಿಯೋಪಾತ್ರ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ, ಖುಫುವಿನಿಂದ ಅವಳಿಗೆ ಎರಡೂವರೆ ಮೀಟರ್. ಅವಳಿಂದ ಇಂದಿನ ನಮಗೆ ಎರಡು ಮೀಟರ್ ಚಿಲ್ಲರೆ! ಕ್ಲಿಯೋಪಾತ್ರಳಿಗೆ ಪಿರಮಿಡ್ಡಿಗಿಂತ ಮೊಬೈಲ್ ಫೋನ್ ಹತ್ತಿರ ಎಂಬುದು ಕಣ್ಣಿಗೆ ಕಾಣುತ್ತದೆ. ಕನ್ನಡ ಮಕ್ಕಳ ಮನೆಯಾದರೆ ಅದೇ ಹಗ್ಗಕ್ಕೆ ಐದನೇ ಶತಮಾನದ ಹಲ್ಮಿಡಿ ಶಾಸನವನ್ನೂ ಸಿಕ್ಕಿಸಬಹುದು. ಕ್ಲಿಯೋಪಾತ್ರಳನ್ನು ದಾಟಿ ಹೆಚ್ಚುಕಡಿಮೆ ಅರ್ಧ ಮೀಟರ್ ನಡೆದರೆ ಅದು ಸಿಗುತ್ತದೆ. ಉಳಿದ ಎಲ್ಲ ಕೆಲಸಗಳಿಗಿಂತ ಮೊದಲು ಈ ಹಗ್ಗ ಗೋಡೆಯ ಮೇಲಿದ್ದರೆ, ಮುಂದೆ ಮಾಡುವ ಪ್ರತಿಯೊಂದು ವಸ್ತುವಿಗೂ ಒಂದು ಜಾಗ ಇರುತ್ತದೆ.

ಉಪ್ಪಿನಲ್ಲಿ ಹೂತ ಸೇಬು

ಮಕ್ಕಳಿಗೆ ಎಲ್ಲಕ್ಕಿಂತ ಕುತೂಹಲ ಮಮ್ಮಿಯದು. ಅದನ್ನು ತಪ್ಪಿಸಲೂಬಾರದು. ಸ್ನೇಹಿತನ ಮೈಗೆ ಟಾಯ್ಲೆಟ್ ಪೇಪರ್ ಸುತ್ತುವ ಆಟ ನಗು ತರಿಸುತ್ತದೆ, ಆದರೆ ಅಲ್ಲಿ ಹುಟ್ಟುವುದು ದೆವ್ವದ ವೇಷ. ಮಮ್ಮಿಯ ಗುಟ್ಟು ಇರುವುದು ಬಟ್ಟೆಯಲ್ಲಲ್ಲ, ಉಪ್ಪಿನಲ್ಲಿ.

ಕೈರೋದ ವಾಯುವ್ಯಕ್ಕೆ ವಾದಿ ನತ್ರೂನ್ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ಕೆರೆಗಳು ಬತ್ತಿದಾಗ ದಡದಲ್ಲಿ ಬಿಳಿಯ ಹೊಪ್ಪಳೆ ಉಳಿಯುತ್ತದೆ. ಅದೇ ನಾಟ್ರಾನ್: ವಾಷಿಂಗ್ ಸೋಡಾ, ಅಡುಗೆ ಸೋಡಾ, ಜೊತೆಗೆ ಒಂದಿಷ್ಟು ಉಪ್ಪು ಪ್ರಕೃತಿಯಲ್ಲೇ ಬೆರೆತ ಪುಡಿ. ನೀರನ್ನು ಹೀರುವುದು ಅದರ ಗುಣ. ಸತ್ತ ದೇಹ ಕೊಳೆಯುವುದು ಸೂಕ್ಷ್ಮಜೀವಿಗಳಿಂದ, ಅವಕ್ಕೆ ಬದುಕಲು ನೀರು ಬೇಕು. ನೀರು ಹೋದರೆ ಕೊಳೆತ ನಿಲ್ಲುತ್ತದೆ. ಒಳಗಿನ ಅಂಗಗಳನ್ನು ತೆಗೆದು, ದೇಹವನ್ನು ನಾಟ್ರಾನ್‌ನಲ್ಲಿ ಹೂತು ಒಣಗಿಸಿ, ಎಣ್ಣೆ ರಾಳ ಸವರಿ, ನಾರುಬಟ್ಟೆಯಲ್ಲಿ ಸುತ್ತಿ ಮುಗಿಸಲು ಒಟ್ಟು 70 ದಿನ ಹಿಡಿಯುತ್ತಿತ್ತು. ಕ್ರಿ.ಪೂ. ಐದನೇ ಶತಮಾನದಲ್ಲಿ ಈ ಕ್ರಮವನ್ನು ಬರೆದಿಟ್ಟ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಕುಟುಂಬದ ಹಣಬಲಕ್ಕೆ ತಕ್ಕಂತೆ ಮೂರು ದರ್ಜೆಗಳಿದ್ದವು ಎಂದೂ ತಿಳಿಸುತ್ತಾನೆ.

ಮನೆಯಲ್ಲಿ ಇದನ್ನು ಮಾಡಲು ಒಂದು ಸೇಬು, ನಾಲ್ಕು ಗಾಜಿನ ಲೋಟ, ಅಡುಗೆಮನೆಯ ತಕ್ಕಡಿ ಸಾಕು. ನಾಲ್ಕು ಸಮ ಹೋಳು ಮಾಡಿ ಪ್ರತಿಯೊಂದನ್ನೂ ತೂಗಿ ಬರೆದಿಡಬೇಕು. ಒಂದು ಹೋಳನ್ನು ಹಾಗೇ ಬಿಡುವುದು, ಒಂದನ್ನು ಉಪ್ಪಿನಲ್ಲಿ, ಮತ್ತೊಂದನ್ನು ಅಡುಗೆ ಸೋಡಾದಲ್ಲಿ, ಕೊನೆಯದನ್ನು ಎರಡರ ಮಿಶ್ರಣದಲ್ಲಿ ಪೂರ್ತಿ ಮುಳುಗುವಂತೆ ಹೂಳುವುದು. ಯಾವುದು ಹೇಗಾಗಬಹುದೆಂದು ಮಗು ಮೊದಲೇ ಊಹಿಸಿ ಹೇಳಬೇಕು. ವಾರದ ಬಳಿಕ ತೆಗೆದರೆ ಬಿಟ್ಟ ಹೋಳು ಕಂದಾಗಿ ಮೆತ್ತಗಾಗಿರುತ್ತದೆ, ನಮ್ಮ ಮಳೆಗಾಲದಲ್ಲಾದರೆ ಬೂಸಲೂ ಹಿಡಿದಿರುತ್ತದೆ. ಹೂತವು ಚರ್ಮದಂತೆ ಒಣಗಿ ಸುಕ್ಕಾಗಿ ಹಗುರವಾಗಿರುತ್ತವೆ. ಪುಡಿ ಮಾತ್ರ ಒದ್ದೆಯಾಗಿ ಗಂಟುಕಟ್ಟಿರುತ್ತದೆ. ಸೇಬಿನ ನೀರು ಎಲ್ಲಿಗೆ ಹೋಯಿತೆಂಬುದಕ್ಕೆ ಉತ್ತರ ಆ ಗಂಟುಗಳಲ್ಲೇ ಇದೆ. ಇನ್ನೊಂದು ಸೇಬಿನಿಂದ ಐದನೆಯ ಹೋಳು ಮಾಡಿ ಒಣ ಮರಳಿನಲ್ಲಿ ಹೂತರೆ ಇನ್ನೊಂದು ಮಾತೂ ತಿಳಿಯುತ್ತದೆ. ಬಿಸಿ ಮರಳಿನಲ್ಲಿ ನೇರವಾಗಿ ಹೂತ ದೇಹಗಳು ತಮ್ಮಷ್ಟಕ್ಕೆ ಒಣಗಿ ಉಳಿಯುತ್ತಿದ್ದವು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಗೆಬೆಲೀನ್ ಎಂಬ ಸ್ಥಳದಲ್ಲಿ ಸಿಕ್ಕ ದೇಹ ಹಾಗೆ ಉಳಿದು 5,000 ವರ್ಷ ದಾಟಿದೆ. ಮರುಭೂಮಿ ಮೊದಲು ಮಾಡಿ ತೋರಿಸಿದ್ದನ್ನು ಜನ ಆಮೇಲೆ ಉಪ್ಪಿನಿಂದ ಮಾಡಿದರು.

ದೊಡ್ಡವರೂ ಹೀಗೇ ಮಾಡಿ ಕಲಿತಿದ್ದಾರೆ. 1994ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಬಾಬ್ ಬ್ರಯರ್ ಮತ್ತು ರೊನಾಲ್ಡ್ ವೇಡ್ ಎಂಬ ಸಂಶೋಧಕರು, ವಿಜ್ಞಾನಕ್ಕೆ ದಾನವಾಗಿ ಬಂದಿದ್ದ ದೇಹವೊಂದನ್ನು ಈಜಿಪ್ಟಿನ ಕ್ರಮದಲ್ಲೇ ಮಮ್ಮಿಯಾಗಿಸಿದರು. ನಾಟ್ರಾನ್ ತಂದದ್ದು ವಾದಿ ನತ್ರೂನ್‌ನಿಂದಲೇ. ಗ್ರಂಥಗಳು ಬಿಟ್ಟುಹೋದದ್ದನ್ನು ಕೈಯಿಂದ ಮಾಡಿಯೇ ತಿಳಿಯಬೇಕಾಗಿತ್ತು.

ಅಂಗಗಳನ್ನಿಡುವ ನಾಲ್ಕು ಜಾಡಿಗಳು ಜೇಡಿಮಣ್ಣಿಗೆ ಒಳ್ಳೆಯ ಕೆಲಸ. ಮನುಷ್ಯಮುಖದ ಇಮ್ಸೇತಿ ಯಕೃತ್ತನ್ನು, ಕೋತಿಮುಖದ ಹಾಪಿ ಶ್ವಾಸಕೋಶವನ್ನು, ನರಿಮುಖದ ದುಆಮುತೆಫ್ ಜಠರವನ್ನು, ಗಿಡುಗಮುಖದ ಕೆಬೆಹ್‌ಸೆನೂಫ್ ಕರುಳನ್ನು ಕಾಯುತ್ತಿದ್ದರು. ಹೆಸರು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ನಾಲ್ಕೇ ಜಾಡಿ ಯಾಕೆ, ಹೃದಯ ಎಲ್ಲಿ ಎಂದು ಮಗು ಕೇಳುವವರೆಗೆ ಕಾಯುವುದು ಮುಖ್ಯ. ಹೃದಯವನ್ನು ದೇಹದಲ್ಲೇ ಬಿಡುತ್ತಿದ್ದರು, ಏಕೆಂದರೆ ಪರಲೋಕದಲ್ಲಿ ಅದನ್ನು ಸತ್ಯದೇವತೆ ಮಾತ್‌ಳ ಗರಿಯೊಂದಿಗೆ ತೂಗಲಾಗುತ್ತದೆ ಎಂದು ಅವರು ನಂಬಿದ್ದರು. ಭಾರವಾದರೆ ಮೊಸಳೆತಲೆಯ ಅಮ್ಮಿತ್ ಅದನ್ನು ನುಂಗುತ್ತಿದ್ದಳು. ಬಟ್ಟೆ ನೇತುಹಾಕುವ ಹ್ಯಾಂಗರ್, ಎರಡು ಕಾಗದದ ಬಟ್ಟಲು, ಒಂದು ಗರಿ ಸಿಕ್ಕರೆ ತಕ್ಕಡಿ ಸಿದ್ಧ. ಹೃದಯ ಯಾವುದರಿಂದ ಭಾರವಾದೀತೆಂದು ಚೀಟಿಗಳಲ್ಲಿ ಬರೆದು ಬಟ್ಟಲಿಗೆ ಹಾಕಲಿ. ಏಳು ವರ್ಷದವರು ಬರೆಯುವ ಚೀಟಿಗಳನ್ನು ದೊಡ್ಡವರು ಗಂಭೀರವಾಗಿ ಓದಬೇಕು.

ಮಮ್ಮಿಗೆ ತುಂಬುವ ಮಸಾಲೆಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಕ್ರಿ.ಪೂ. 1213ರ ಸುಮಾರಿಗೆ ತೀರಿಕೊಂಡ ಮಹಾದೊರೆ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನ ಹೊಳ್ಳೆಗಳಲ್ಲಿ ಕರಿಮೆಣಸಿನ ಕಾಳುಗಳಿದ್ದವು. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮಘಟ್ಟಗಳ ಕಾಡು. ಮುಂದೆ ರೋಮನ್ನರ ಕಾಲಕ್ಕೆ ಕೆಂಪು ಸಮುದ್ರದ ಬೆರೆನಿಕೆ ಬಂದರಿಗೆ ಮೆಣಸು ಕಿಲೋಗಟ್ಟಲೆ ಇಳಿಯುತ್ತಿತ್ತು. ಅಲ್ಲಿನ ದೇವಾಲಯವೊಂದರಲ್ಲಿ ಏಳು ಕಿಲೋಗೂ ಹೆಚ್ಚು ಮೆಣಸು ತುಂಬಿದ್ದ ಭಾರತದ ಜಾಡಿ ಸಿಕ್ಕಿದೆ. ಕಿತ್ತಳೆಯ ಮಮ್ಮಿಗೆ ದಾಲ್ಚಿನ್ನಿ ತುಂಬುವ ಮಗು ಜೊತೆಗೆ ಎರಡು ಕಾಳು ಮೆಣಸನ್ನೂ ಇಡಲಿ.

ಜೊಂಡಿನ ಹಾಳೆ

ಪಪೈರಸ್ ಎಂಬುದು ನೈಲ್ ನದಿಯ ಜೌಗಿನಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿದ್ದ ಜೊಂಡು. ಅದರ ಹಸಿರು ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ತೆಳ್ಳಗೆ ಸೀಳಿ, ಒಂದು ಸಾಲು ಉದ್ದಕ್ಕೆ, ಮೇಲೊಂದು ಸಾಲು ಅಡ್ಡಕ್ಕೆ ಇಟ್ಟು ಒತ್ತಿ ಒಣಗಿಸುತ್ತಿದ್ದರು. ಜೊಂಡು ಸಿಗದ ಕಡೆ ಕಂದು ಕಾಗದದ ಚೀಲವನ್ನು ಪಟ್ಟಿಗಳಾಗಿ ಹರಿದು, ತೆಳು ಮೈದಾ ಗೋಂದಿನಲ್ಲಿ ಅದ್ದಿ, ಅದೇ ಕ್ರಮದಲ್ಲಿ ಜೋಡಿಸಿ, ಭಾರವಾದ ಪುಸ್ತಕಗಳಡಿ ಒಣಗಿಸಬಹುದು. ಹಲವು ಕಡೆ ಇಷ್ಟಕ್ಕೇ ಬಿಟ್ಟು, ಹಳೆಯದಾಗಿ ಕಾಣಲೆಂದು ಚಹಾ ನೀರು ಬಳಿಯುತ್ತಾರೆ. ಅದು ಅನವಶ್ಯಕ, ಈಜಿಪ್ಟಿನವರ ಹಾಳೆ ಅವರ ಕಾಲದಲ್ಲಿ ಹೊಸದೇ ಆಗಿತ್ತಲ್ಲ! ಅದರ ಬದಲು ಎರಡು ಹಾಳೆ ಮಾಡಿಸಿ: ಒಂದರಲ್ಲಿ ಎರಡೂ ಸಾಲು ಒಂದೇ ದಿಕ್ಕಿಗೆ, ಇನ್ನೊಂದರಲ್ಲಿ ಅಡ್ಡಡ್ಡ. ಒಣಗಿದ ಮೇಲೆ ಎರಡನ್ನೂ ಹರಿದು ನೋಡಲಿ. ಯಾವುದು ಸುಲಭವಾಗಿ ಸೀಳುತ್ತದೆಂದು ಬೆರಳಿಗೆ ತಿಳಿಯುತ್ತದೆ.

ಹಾಳೆ ಕೈಯಲ್ಲಿರುವಾಗ ಕಥೆ ಹೇಳಬೇಕು. 2013ರಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಬರಹವಿರುವ ಅತಿ ಹಳೆಯ ಪಪೈರಸ್ ಹಾಳೆಗಳು ಸಿಕ್ಕವು. ಅವು ಖುಫುವಿನ ಕಾಲದವು. ಬರೆದಾತ ಮೆರೇರ್ ಎಂಬ ಮೇಸ್ತ್ರಿ. ತುರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಹೇರಿಕೊಂಡು ಗಿಜಾಕ್ಕೆ ಒಯ್ದ ಲೆಕ್ಕ ಅದರಲ್ಲಿದೆ, ದಿನದಿನದ್ದು. ಮಹಾ ಪಿರಮಿಡ್ಡಿನ ಕೆಲಸದಲ್ಲಿದ್ದವನ ದಿನಚರಿ! ಮಕ್ಕಳು ತಾವು ಮಾಡಿದ ಹಾಳೆಯ ಮೇಲೆ ಅಂದು ತಾವು ಎಲ್ಲಿಂದ ಎಲ್ಲಿಗೆ ಏನು ಹೊತ್ತೊಯ್ದೆವೆಂದು ಬರೆದರೆ ಅದೇ ಮೆರೇರನ ಕೆಲಸ.

ಪಪೈರಸ್ಸಿಗೂ ಕನ್ನಡಕ್ಕೂ ಒಂದು ನಂಟಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಹಾಳೆಗಳಲ್ಲಿ ಎರಡನೇ ಶತಮಾನದ ಗ್ರೀಕ್ ಪ್ರಹಸನವೊಂದಿತ್ತು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಯುವತಿಯನ್ನು, ಅಲ್ಲಿನ ದೊರೆಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಸ್ಥಳೀಯರ ಬಾಯಲ್ಲಿ ಬರುವ ಗ್ರೀಕ್ ಅಲ್ಲದ ಮಾತುಗಳು ಕನ್ನಡ ಎಂದು 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ವಾದಿಸಿದರು. ಆಮೇಲೆ ಗೋವಿಂದ ಪೈ ಅವರೂ ಅದರ ಬೆನ್ನು ಹತ್ತಿದರು. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಆ ಜಗಳವನ್ನೂ ಹೇಳಬಹುದು. ಇತಿಹಾಸದಲ್ಲಿ ತೀರ್ಮಾನವಾಗದ ಪ್ರಶ್ನೆಗಳಿವೆ ಎಂದು ತಿಳಿಯುವುದೂ ಪಾಠವೇ.

ಗೂಬೆ, ಅಲೆ, ಮರಿಹಕ್ಕಿ

ಚಿತ್ರಲಿಪಿಯಲ್ಲಿ ತಮ್ಮ ಹೆಸರು ಬರೆಯುವುದು ಎಲ್ಲ ಮಕ್ಕಳಿಗೂ ಇಷ್ಟ. ‘ಮನು’ ಎಂದು ಬರೆಯಬೇಕಾದರೆ ಮ್ ಧ್ವನಿಗೆ ಗೂಬೆ, ನ್ ಧ್ವನಿಗೆ ನೀರಿನ ಅಲೆ, ಕೊನೆಗೆ ಲಾವಕ್ಕಿಯ ಮರಿ. ಒಂದೊಂದೇ ಧ್ವನಿಯನ್ನು ಸೂಚಿಸುವ ಇಂಥ ಚಿಹ್ನೆಗಳು ಸುಮಾರು 24. ಆದರೆ ಲಿಪಿಯಲ್ಲಿ ಒಟ್ಟು ಬಳಕೆಯಲ್ಲಿದ್ದವು ನೂರಾರು: ಕೆಲವು ಎರಡು ಮೂರು ಧ್ವನಿಗಳಿಗೆ, ಕೆಲವು ಬರಿಯ ಅರ್ಥಕ್ಕೆ. ‘ಒಂದು ಚಿತ್ರಕ್ಕೆ ಒಂದು ಅಕ್ಷರ’ ಎಂದು ಮಗು ತಪ್ಪು ತಿಳಿಯದಂತೆ ಇದನ್ನು ಹೇಳಿಬಿಡಬೇಕು. ಪ್ರಾಣಿಪಕ್ಷಿಗಳ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಲು ಶುರು ಮಾಡಬೇಕು ಎಂಬ ಸೂತ್ರವನ್ನು ಮಕ್ಕಳು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಹೆಸರಿನ ಸುತ್ತ ಬರೆಯುವ ಮೊಟ್ಟೆಯಾಕಾರದ ಗೆರೆ ದೊರೆ, ರಾಣಿಯರ ಹೆಸರಿಗೆ ಮೀಸಲು. ರೊಸೆಟ್ಟಾ ಎಂಬಲ್ಲಿ 1799ರಲ್ಲಿ ಸಿಕ್ಕ ಮೂರು ಬರಹದ ಕಲ್ಲನ್ನು ಓದಲು ದಾರಿ ತೋರಿದ್ದೂ ಆ ಗೆರೆಯೇ. ಅಂಥ ಗೆರೆಗಳೊಳಗಿನ ಟಾಲೆಮಿ ಮೊದಲಾದ ರಾಜರ ಹೆಸರುಗಳನ್ನು ಹಿಡಿದುಕೊಂಡು ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ 1822ರಲ್ಲಿ ಲಿಪಿಯ ಬೀಗ ತೆಗೆದರು.

ಒದ್ದೆ ಮರಳು, ಹುಲ್ಲಿನ ಇಟ್ಟಿಗೆ

ಮಹಾ ಪಿರಮಿಡ್ಡಿನ ತಳದ ಒಂದೊಂದು ಬದಿ 230 ಮೀಟರ್, ಮೂಲ ಎತ್ತರ ಸುಮಾರು 146 ಮೀಟರ್, ಕಲ್ಲುಗಳು ಅಂದಾಜು 23 ಲಕ್ಷ. ಸಕ್ಕರೆ ಗಟ್ಟಿಗಳನ್ನು ಪೇರಿಸಿ ಪಿರಮಿಡ್ ಮಾಡುವುದು ಹಳೆಯ ಆಟ. ಅದರಿಂದ ಆಕಾರ ತಿಳಿಯುತ್ತದೆ. ಕಲ್ಲು ಅಲ್ಲಿಗೆ ಬಂದದ್ದು ಹೇಗೆಂದು ತಿಳಿಯುವುದಿಲ್ಲ.

ತಟ್ಟೆಯಲ್ಲಿ ಮರಳು ಹಾಸಿ, ಹಲಗೆಯ ತುಂಡಿನ ಮೇಲೆ ಒಂದು ಇಟ್ಟಿಗೆ ಇಟ್ಟು, ರಬ್ಬರ್ ಬ್ಯಾಂಡ್ ಸಿಕ್ಕಿಸಿ ಎಳೆಯಲಿ. ಒಣ ಮರಳು ಹಲಗೆಯ ಮುಂದೆ ಗುಡ್ಡೆಯಾಗಿ ಅಡ್ಡ ನಿಲ್ಲುತ್ತದೆ, ರಬ್ಬರ್ ಉದ್ದಕ್ಕೆ ಹಿಗ್ಗುತ್ತದೆ. ನೀರು ಚಿಮುಕಿಸಿ ಮತ್ತೆ ಎಳೆದರೆ ಹಲಗೆ ಜಾರುತ್ತದೆ. ನೀರು ಹೆಚ್ಚಾದರೆ ಮತ್ತೆ ಕಚ್ಚಿಕೊಳ್ಳುತ್ತದೆ. 2014ರಲ್ಲಿ ಆಂಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದನ್ನೇ ಅಳೆದು, ಸರಿಯಾದ ಪ್ರಮಾಣದ ನೀರು ಹಾಕಿದರೆ ಎಳೆಯಲು ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ ಎಂದು ತೋರಿಸಿದರು. ಜೆಹುತಿಹೊತೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಚಿತ್ರದಲ್ಲಿ, ದೈತ್ಯ ಪ್ರತಿಮೆಯನ್ನು ಹೊತ್ತ ಜಾರುಬಂಡಿಯ ಮುಂದೆ ನಿಂತು ಒಬ್ಬ ನೀರು ಸುರಿಯುತ್ತಿದ್ದಾನೆ. ಮಕ್ಕಳು ಪ್ರಯೋಗ ಮಾಡಿದ ಮೇಲೆ ಈ ಚಿತ್ರ ತೋರಿಸಿ, ಅವನು ಏನು ಮಾಡುತ್ತಿದ್ದಾನೆ ಎಂದು ಕೇಳಬೇಕು. ಮೊದಲೇ ತೋರಿಸಿದರೆ ಸಂತೋಷವೆಲ್ಲ ಹೋಯಿತು.

ದೇವರಿಗೆ, ಸತ್ತವರಿಗೆ ಕಲ್ಲು, ಬದುಕಿದ್ದವರಿಗೆ ಮಣ್ಣು. ಈಜಿಪ್ಟಿನ ಮನೆಗಳಷ್ಟೇ ಅಲ್ಲ, ಅರಮನೆಗಳೂ ಹಸಿ ಇಟ್ಟಿಗೆಯವು. ಬೆಂಕಿಪೊಟ್ಟಣವನ್ನೇ ಅಚ್ಚಾಗಿಸಿ ಬರಿಯ ಮಣ್ಣಿನ ಕೆಲವು ಇಟ್ಟಿಗೆ, ಕತ್ತರಿಸಿದ ಒಣಹುಲ್ಲು ಬೆರೆಸಿದ ಕೆಲವು ಇಟ್ಟಿಗೆ ಮಾಡಿ ಬಿಸಿಲಿಗಿಟ್ಟರೆ ಯಾವುದು ಬಿರಿಯುತ್ತದೆಂದು ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಹಾಗೆಯೇ ಕವಲುಕಡ್ಡಿ, ಉದ್ದ ಕೋಲು, ದಾರ, ಒಂದು ತುದಿಗೆ ಮಣ್ಣಿನ ಉಂಡೆ, ಇನ್ನೊಂದಕ್ಕೆ ಪುಟ್ಟ ಬಕೆಟ್ಟು ಕಟ್ಟಿದರೆ ನೈಲ್ ದಂಡೆಯ ಶಾದೂಫ್. ಅದನ್ನು ನೋಡಿದ ನಮ್ಮ ಹಳ್ಳಿಯ ಅಜ್ಜ ‘ಇದು ನಮ್ಮ ಏತ’ ಎನ್ನುತ್ತಾನೆ, ಅವನ ಮಾತು ಸರಿ. ಎರಡೂ ಒಂದೇ ಯಂತ್ರ.

ಮಡಕೆ ಚೂರಿನ ಹಾಜರಿ

ಎಲ್ಲ ಕೆಲಸಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅತ್ಯಂತ ಅಗ್ಗದ್ದು: ಒಡೆದ ಹೂಕುಂಡದ ಚೂರು, ಕುಂಚ, ಕಪ್ಪು ಬಣ್ಣ. ರಾಜರ ಕಣಿವೆಯ ಸಮಾಧಿಗಳನ್ನು ಕೊರೆದು ಚಿತ್ರ ಬರೆದವರು ದೇರ್ ಎಲ್ ಮದೀನಾ ಎಂಬ ಊರಿನಲ್ಲಿ ಸಂಸಾರ ಸಮೇತ ಇದ್ದರು. ಪಪೈರಸ್ ದುಬಾರಿ. ಹಾಗಾಗಿ ಲೆಕ್ಕ, ಕಾಗದಪತ್ರ, ಮಕ್ಕಳ ಅಭ್ಯಾಸ, ತಮಾಷೆಯ ಚಿತ್ರ ಎಲ್ಲವನ್ನೂ ಅವರು ಮಡಕೆಯ ಚೂರು, ಸುಣ್ಣಕಲ್ಲಿನ ಚಕ್ಕೆಗಳ ಮೇಲೆ ಬರೆದರು. ಅಂಥ ಚಕ್ಕೆಗಳು ಸಾವಿರಾರು ಸಿಕ್ಕಿವೆ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಚಕ್ಕೆ ಎರಡನೆಯ ರಾಮ್ಸೆಸ್‌ನ 40ನೇ ಆಳ್ವಿಕೆ ವರ್ಷದ ಹಾಜರಿ ಪುಸ್ತಕ. 280 ದಿನಗಳಲ್ಲಿ ಯಾರು ಯಾವಾಗ ಕೆಲಸಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಅದರಲ್ಲಿದೆ. ಒಬ್ಬನಿಗೆ ಕಣ್ಣುಬೇನೆ, ಒಬ್ಬನಿಗೆ ಚೇಳು ಕುಟುಕಿತು, ಇನ್ನೊಬ್ಬ ಮನೆಯಲ್ಲಿ ಬಿಯರ್ ಕಾಯಿಸುತ್ತಿದ್ದ, ಮತ್ತೊಬ್ಬ ತಾಯಿಯ ಶವ ಸುತ್ತುತ್ತಿದ್ದ. ಇದೇ ಊರಿನವರು ಮೂರನೆಯ ರಾಮ್ಸೆಸ್‌ನ 29ನೇ ವರ್ಷದಲ್ಲಿ ಧಾನ್ಯದ ಸಂಬಳ ತಡವಾದಾಗ ಕೆಲಸ ಬಿಟ್ಟು ಹೋಗಿ ದೇವಾಲಯಗಳ ಹಿಂದೆ ಕುಳಿತರು. ಬರಹದಲ್ಲಿ ದಾಖಲಾದ ಜಗತ್ತಿನ ಮೊದಲ ಮುಷ್ಕರ ಅದು. ಅದನ್ನು ದಾಖಲಿಸಿದ ಪಪೈರಸ್ ಇಟಲಿಯ ಟ್ಯೂರಿನ್‌ನಲ್ಲಿದೆ.

ತರಗತಿಯ ಒಂದು ವಾರದ ಹಾಜರಿಯನ್ನು ಕಾರಣಸಮೇತ ಮಡಕೆ ಚೂರುಗಳ ಮೇಲೆ ಬರೆದಿಡಲು ಹೇಳಿ. ಚೂರಿನ ಆಕಾರಕ್ಕೆ ಮಾತು ಒಗ್ಗಬೇಕು, ಅಕ್ಷರ ಚಿಕ್ಕದಾಗಬೇಕು, ಮುಖ್ಯವಾದದ್ದನ್ನಷ್ಟೇ ಬರೆಯಬೇಕು. ಪಿರಮಿಡ್ ಕಟ್ಟಿದವರು ಚಾಟಿಯೇಟು ತಿಂದ ಗುಲಾಮರು ಎಂಬ ಸಿನಿಮಾ ಚಿತ್ರವನ್ನು ಅಲುಗಿಸಲೂ ಇದು ಸಕಾಲ. ಗಿಜಾದಲ್ಲಿ 1990ರಿಂದ ಈಚೆಗೆ ಬೆಳಕಿಗೆ ಬಂದ ಕೆಲಸಗಾರರ ಸಮಾಧಿಗಳು, ಅವರ ಊರು, ಅಲ್ಲಿನ ರೊಟ್ಟಿಭಟ್ಟಿಗಳು ಹೇಳುವ ಕಥೆ ಬೇರೆ: ಊಟ, ಔಷಧಿ, ಗೌರವದ ಅಂತ್ಯಕ್ರಿಯೆ ಪಡೆದ ಜನರದು.

ಅಲ್ಲಿನ ಮಕ್ಕಳು ಮಾಡಿದ್ದು

1889ರಲ್ಲಿ ಫ್ಲಿಂಡರ್ಸ್ ಪೆಟ್ರಿ ಲಾಹೂನ್ ಎಂಬ ಹಳೆಯ ಊರನ್ನು ಅಗೆದಾಗ ಮನೆಗಳೊಳಗೆ ಮಣ್ಣಿನ ಪುಟ್ಟ ಗೊಂಬೆಗಳು ಸಿಕ್ಕವು: ನೀರಾನೆ, ಹಂದಿ, ದೋಣಿ. ಒರಟಾದ, ಬೆರಳಿನಿಂದ ಒತ್ತಿ ಮಾಡಿದಂಥವು, ಕೆಲವನ್ನು ಮಕ್ಕಳೇ ಮಾಡಿರಬೇಕು. ದಾರ ಎಳೆದರೆ ಬಾಯಿ ತೆರೆಯುವ ಮರದ ಬೆಕ್ಕು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರಟ್ಟು, ದಾರ, ಒಂದು ಪಿನ್ನು ಇದ್ದರೆ ಅದನ್ನು ನಾವೂ ಮಾಡಬಹುದು. ನಾಲ್ಕೈದು ವರ್ಷದ ಮಕ್ಕಳಿಗೆ ಮಮ್ಮಿ, ತಕ್ಕಡಿ ಏನೂ ಬೇಡ, ಈ ಮಣ್ಣಿನ ನೀರಾನೆಯೇ ಸಾಕು.

ಈಜಿಪ್ಟಿನಲ್ಲೇ ನಡೆದ ಒಂದು ಪ್ರಯೋಗ ಇಲ್ಲಿ ಸಲ್ಲುತ್ತದೆ. ವಾಸ್ತುಶಿಲ್ಪಿ ರಾಮ್ಸೆಸ್ ವಿಸ್ಸಾ ವಾಸೆಫ್ 1950ರ ದಶಕದ ಆರಂಭದಲ್ಲಿ ಗಿಜಾ ಬಳಿಯ ಹರ್ರಾನಿಯಾ ಹಳ್ಳಿಯ ಮಕ್ಕಳಿಗೆ ಮಗ್ಗ, ಉಣ್ಣೆ, ಗಿಡಮೂಲದ ಬಣ್ಣ ಕೊಟ್ಟು ಚಿತ್ರ ನೇಯಲು ಬಿಟ್ಟರು. ಮೊದಲೇ ನಕ್ಷೆ ಬರೆದುಕೊಳ್ಳುವಂತಿರಲಿಲ್ಲ, ಬೇರೆಯವರ ಚಿತ್ರ ನಕಲು ಮಾಡುವಂತಿರಲಿಲ್ಲ, ದೊಡ್ಡವರು ಟೀಕಿಸುವಂತಿರಲಿಲ್ಲ. ಆ ಮಕ್ಕಳು ನೇಯ್ದ ಹೊಲ, ತಾಳೆಮರ, ಹಕ್ಕಿಗಳ ಜಮಖಾನೆಗಳು ಜಗತ್ತಿನ ಸಂಗ್ರಹಾಲಯಗಳಿಗೆ ಹೋದವು. ಅಲ್ಲಿನ ಕಟ್ಟಡಕ್ಕೆ 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಕೈಕೆಲಸದ ಪಾಠ ನಮಗೂ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಸರ್ಕಾರಿ ಶಾಲೆಗಳಿಗೆ ಚಟುವಟಿಕೆಯ ಕಲಿಕೆಯನ್ನು ತಂದಿದೆ. ಆದರೂ ಮಗುವಿನ ನರಿ ಸೊಟ್ಟಗಿದ್ದರೆ ತಿದ್ದಲು ನಮ್ಮ ಕೈ ಮುಂದೆ ಹೋಗುತ್ತದೆ. ಶಾಲೆಯ ಪ್ರದರ್ಶನಕ್ಕೆಂದು ಅಪ್ಪ ಅಮ್ಮ ರಾತ್ರಿಯಿಡೀ ಕುಳಿತು ಮಾಡಿದ ಪಿರಮಿಡ್ಡಿನಿಂದ ಮಗು ಕಲಿಯುವುದು ಶೂನ್ಯ.

ನೋಡಲು ಹೋಗುವ ಮುನ್ನ

ಮಮ್ಮಿ ಎಂದರೆ ಒಬ್ಬ ಮನುಷ್ಯ. ಅವನಿಗೋ ಅವಳಿಗೋ ಹೆಸರಿತ್ತು, ಅತ್ತವರಿದ್ದರು. 1830ರ ದಶಕದ ಲಂಡನ್ನಿನಲ್ಲಿ ಥಾಮಸ್ ಪೆಟಿಗ್ರೂ ಟಿಕೆಟ್ ಇಟ್ಟು ಸಭಿಕರೆದುರು ಮಮ್ಮಿಗಳ ಬಟ್ಟೆ ಬಿಚ್ಚುತ್ತಿದ್ದರು. ಆ ಕಾಲ ಹೋಯಿತು, ಆದರೆ ಮಮ್ಮಿಯನ್ನು ಭೂತದಂತೆ ತೋರಿಸುವ ಅಭ್ಯಾಸ ಹೋಗಿಲ್ಲ. ಸೇಬು, ಕಿತ್ತಳೆಯ ಕೆಲಸ ಮುಗಿದ ಮೇಲೆ ಮಕ್ಕಳೊಡನೆ ಈ ಮಾತನ್ನು ನೇರವಾಗಿ ಆಡಬೇಕು. ಅವರಿಗೆ ಅರ್ಥವಾಗುತ್ತದೆ. ಸುತ್ತುವ ಪ್ರತಿ ಪದರದ ನಡುವೆ ಒಂದು ತಾಯಿತ, ಒಂದು ಹಾರೈಕೆಯ ಚೀಟಿ ಇಡಿಸಿದರೆ, ಆ ಬಟ್ಟೆ ಹೆದರಿಸಲು ಸುತ್ತಿದ್ದಲ್ಲ, ಕಾಪಾಡಲು ಸುತ್ತಿದ್ದು ಎಂಬುದು ಕೈಗೇ ತಿಳಿಯುತ್ತದೆ.

ನಮಗೆ ಹತ್ತಿರದಲ್ಲಿ ಮಮ್ಮಿ ಇರುವುದು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯದಲ್ಲಿ. ನೈಷು ಎಂಬ ಯುವತಿಯದೆಂದು ಹೇಳುತ್ತಾರೆ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಜೈಪುರದ ಆಲ್ಬರ್ಟ್ ಹಾಲ್‌ಗಳಲ್ಲೂ ಮಮ್ಮಿಗಳಿವೆ. ಮೊದಲು ಅಲ್ಲಿಗೆ ಕರೆದೊಯ್ದು ಆಮೇಲೆ ಮನೆಯಲ್ಲಿ ಕೈಕೆಲಸ ಮಾಡಿಸುವುದು ರೂಢಿ. ಕ್ರಮವನ್ನು ತಿರುಗಿಸುವುದು ಒಳ್ಳೆಯದು. ಉಪ್ಪಿನಲ್ಲಿ ಸೇಬು ಒಣಗಿಸಿ, ಬಟ್ಟೆ ಸುತ್ತಲು ಹೆಣಗಿ, ಗಂಟು ಸಡಿಲವಾಗಿ ಮತ್ತೆ ಸುತ್ತಿದ ಮಗು ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಬೆರಳುಗಳ ನಡುವಿನ ಬಟ್ಟೆಯ ಮಡಿಕೆಯನ್ನು ನೋಡುತ್ತದೆ, ಪಟ್ಟಿ ಎಲ್ಲಿ ಶುರುವಾಯಿತೆಂದು ಹುಡುಕುತ್ತದೆ. ಕೈಯಲ್ಲಿ ಒಂದು ಪೆನ್ಸಿಲ್, ಒಂದು ಹಾಳೆ ಕೊಟ್ಟು, ಅದಕ್ಕೆ ಬೇಕಾದಷ್ಟು ಹೊತ್ತು ಅಲ್ಲೇ ನಿಲ್ಲಲು ಬಿಡಿ.